ಮಠ ಬೇಕೇ, ನನ್ನ ದಾರಿ ನನಗೆ ಸಾಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ದೇವರ ಗೂಡಿದೆ, ವರ್ಷಕ್ಕೊಮ್ಮೆ ಮಠಕ್ಕೆ ಕಾಣಿಕೆಯೂ ಹೋಗುತ್ತದೆ, ಮನಸ್ಸು ಮಾತ್ರ ಎರಡರಲ್ಲೂ ಇಲ್ಲ. ಬೆಳಿಗ್ಗೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರೆ ಸಿಗುವ ನೆಮ್ಮದಿ ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಗುವುದಿಲ್ಲ. ಹೀಗೆ ಹೇಳುವವರು ಈಗ ನಮ್ಮ ನಡುವೆ ಬಹಳ ಮಂದಿ. ಅವರೂ ಅವರನ್ನು ಕಟ್ಟಿಕೊಂಡವರೂ ಹೆತ್ತವರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗಳು ಹೆಚ್ಚಾಗಿ ಕರ್ನಾಟಕದವು, ಏಕೆಂದರೆ ಈ ವಾದ ನಮ್ಮಲ್ಲಿ ಎಂಟುನೂರು ವರ್ಷಗಳಿಂದ ನಡೆಯುತ್ತಲೇ ಇದೆ. ಉತ್ತರಗಳಲ್ಲಿ ನನ್ನ ಒಲವು ಯಾವ ಕಡೆಗೆಂದು ಬಚ್ಚಿಡಲು ಹೋಗಿಲ್ಲ.

ದೇವರು ನನ್ನೊಳಗೇ ಇದ್ದಾನೆ ಅಂದಮೇಲೆ ಗುಡಿ, ಮಠ, ಚರ್ಚು, ಮಸೀದಿ ಯಾತಕ್ಕೆ?

ದೇವರ ಸಲುವಾಗಿ ಬೇಕಿಲ್ಲ. ಒಬ್ಬರ ಕೈಲಾಗದ ಕೆಲಸಗಳ ಸಲುವಾಗಿ ಬೇಕು.

ಧ್ಯಾನ ಒಬ್ಬರೇ ಮಾಡಬಹುದು, ಪ್ರಾರ್ಥನೆಯೂ ಹಾಗೆಯೇ. ಆದರೆ ಸಾವಿರಾರು ಜನಕ್ಕೆ ದಿನವೂ ಅನ್ನ ಹಾಕುವುದು, ಒಂದು ಗ್ರಂಥವನ್ನು ಹತ್ತು ಹದಿನೈದು ತಲೆಮಾರು ಕಾಪಾಡುವುದು, ಗುರುತಿಲ್ಲದವನ ಹೆಣಕ್ಕೆ ಹೆಗಲು ಕೊಡುವುದು ಒಬ್ಬರ ಕೆಲಸವಲ್ಲ. ತುಮಕೂರಿನ ಸಿದ್ಧಗಂಗಾ ಮಠವನ್ನೇ ನೋಡಿ. 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಆಧ್ಯಾತ್ಮಿಕ ಎತ್ತರ ಎಷ್ಟಿತ್ತೆಂದು ಅಳೆಯಲು ನನ್ನ ಬಳಿ ಕೋಲಿಲ್ಲ. ಆದರೆ ಅಲ್ಲಿ ಜಾತಿ ಕೇಳದೆ ಸಾವಿರಾರು ಬಡ ಮಕ್ಕಳಿಗೆ ಊಟ, ವಸತಿ, ಪಾಠ ಸಿಕ್ಕಿದ್ದು ಕಣ್ಣೆದುರಿಗಿದೆ. ಅವರು ಬೆಟ್ಟದ ಗುಹೆಯಲ್ಲಿ ತಮ್ಮ ಪಾಡಿಗೆ ತಾವು ಕೂತಿದ್ದರೆ ಇದಾಗುತ್ತಿರಲಿಲ್ಲ. ಉಗ್ರಾಣ, ಲೆಕ್ಕ ಬರೆಯುವವರು, ಒಲೆ ಉರಿಸುವವರು, ಭಕ್ತರು ತಂದು ಸುರಿಯುವ ರಾಗಿ, ಬೇಳೆ, ತೆಂಗಿನಕಾಯಿ ಇಷ್ಟೂ ಸೇರಿದರೆ ದಾಸೋಹ.

ಹಾಗಾಗಿ ಒಂದು ಧಾರ್ಮಿಕ ಸಂಸ್ಥೆಯ ಮುಂದೆ ನಿಂತಾಗ ನಾನು ಕೇಳುವುದು ಒಂದೇ: ನೀವು ಏನನ್ನು ಹೊರುತ್ತಿದ್ದೀರಿ? ಅನ್ನ, ಅಕ್ಷರ, ಹೆಣ, ಹಳೆಯ ಓಲೆಗರಿ ಎಂಬ ಉತ್ತರ ಬಂದರೆ ಕೈಮುಗಿಯುತ್ತೇನೆ. ನನ್ನ ಒಳಗಿನ ಅನುಮಾನಗಳಿಗೆ ಅಪ್ಪಣೆ ಕೊಡುವ ಯಜಮಾನಿಕೆ ತಮ್ಮದು ಎಂದರೆ ಅಲ್ಲಿಂದ ಹೊರಡುತ್ತೇನೆ.

ಬಸವಣ್ಣನವರೇ ಗುಡಿ ಬೇಡ ಎಂದರಲ್ಲ? ಹಾಗಿದ್ದಮೇಲೆ ಅವರ ಹೆಸರಿನಲ್ಲೇ ಇಷ್ಟೊಂದು ಮಠಗಳು ಹೇಗೆ ಬಂದವು?

ಎಲ್ಲಕ್ಕಿಂತ ಹೆಚ್ಚು ಸಲ ಬರುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಸಾಮಾನ್ಯವಾಗಿ ಒಂದು ಗೆಲುವೂ ಇರುತ್ತದೆ.

ದೇಹವೇ ದೇಗುಲವೆಂದು 12ನೇ ಶತಮಾನದಲ್ಲಿ ಹೇಳಿದ್ದು ನಿಜ. ಸ್ಥಾವರಕ್ಕಳಿವುಂಟು ಎಂದದ್ದೂ ನಿಜ. ಅದೇ ಬಸವಣ್ಣನವರಿಗೆ ಇವತ್ತು ಬಸವಕಲ್ಯಾಣದಲ್ಲಿ 108 ಅಡಿಯ ಪ್ರತಿಮೆ ಇದೆ, 2015ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯ ಮೇಲೂ ಒಂದು ಎದ್ದಿತು. ಸ್ಥಾವರದ ಮಾತಾಡಿದವರೇ ಸ್ಥಾವರವಾದರು ಎಂದು ನಗುವುದು ಸುಲಭ. ನಾನೂ ನಕ್ಕಿದ್ದೇನೆ.

ಆದರೆ ಆ ವಚನ ನಮ್ಮ ಕೈಗೆ ಬಂದ ದಾರಿಯನ್ನು ಒಮ್ಮೆ ಹಿಂದಕ್ಕೆ ನಡೆದು ನೋಡಿ. ಕಲ್ಯಾಣ ಚದುರಿಹೋದಮೇಲೆ ವಚನಗಳೂ ಚದುರಿದವು. 15ನೇ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ, ವಿರಕ್ತರು ಕೂತು ಅವುಗಳನ್ನು ಹುಡುಕಿ ಜೋಡಿಸಿದರು. ವಚನಗಳನ್ನು ಶರಣರ ಸಂವಾದವಾಗಿ ಜೋಡಿಸಿದ ಶಿವಗಣಪ್ರಸಾದಿ ಮಹಾದೇವಯ್ಯನ ಶೂನ್ಯಸಂಪಾದನೆ ಬಂದದ್ದು ಆಗ. ಆಮೇಲೆ ನಾಲ್ಕು ಶತಮಾನಗಳ ಕಾಲ ಓಲೆಗರಿ ಕಟ್ಟುಗಳು ಮಠಗಳ ಗೂಡುಗಳಲ್ಲೂ ಭಕ್ತರ ಮನೆಯ ಜಗುಲಿಗಳ ಮೇಲೂ ಉಳಿದವು. ಎಷ್ಟೋ ಕಡೆ ಯಾರೂ ಬಿಚ್ಚಿ ಓದುತ್ತಿರಲಿಲ್ಲ. ಅರಿಸಿನ ಕುಂಕುಮ ಏರಿಸಿ ಪೂಜೆ ಮಾಡುತ್ತಿದ್ದರು. ಸುಧಾರಕರಿಗೆ ಮೈ ಉರಿಯುವ ವಿಷಯ ಇದು. ಆದರೆ ಪೂಜೆಗಿಟ್ಟ ಕಟ್ಟನ್ನು ಯಾರೂ ಒಲೆಗೆ ಹಾಕುವುದಿಲ್ಲ.

ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠ ಅಲೆದು ಈ ಕಟ್ಟುಗಳನ್ನು ಕೂಡಿಹಾಕಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಯಿತು. ಮುಂದೆ ಇದ್ದ ಮನೆಯನ್ನೂ ಮಾರಿ ಹಿತಚಿಂತಕ ಮುದ್ರಣಾಲಯ ತೆರೆದರು, 1926ರಲ್ಲಿ ಶಿವಾನುಭವ ಪತ್ರಿಕೆ ಶುರು ಮಾಡಿದರು. ಬಳಿಕ ಸರ್ಕಾರವೇ 15 ಸಂಪುಟಗಳಲ್ಲಿ ವಚನಗಳನ್ನು ಹೊರತಂದಿತು. ಇವತ್ತು ಯಾರೋ ಮೊಬೈಲಿನಲ್ಲಿ ಬಸವಣ್ಣನ ಎರಡು ಸಾಲು ಹಾಕಿ ‘ನನಗೆ ಯಾವ ಮಠವೂ ಬೇಡ’ ಎಂದು ಬರೆದರೆ, ಆ ಎರಡು ಸಾಲು ಅವರವರೆಗೆ ಬಂದದ್ದು ಮಠದ ಗೂಡು, ಪೂಜೆಯ ಜಗುಲಿ ಮತ್ತು ಮನೆ ಮಾರಿದ ಒಬ್ಬ ವಕೀಲರ ಮೂಲಕ. ಇಷ್ಟು ಗೊತ್ತಿದ್ದುಕೊಂಡು ಮಠ ಬೇಡವೆನ್ನಿ, ನನ್ನ ತಕರಾರಿಲ್ಲ.

ಇಷ್ಟಲಿಂಗ ಪೂಜೆ ಸ್ವತಂತ್ರ ಅಧ್ಯಾತ್ಮವೇ, ಸಂಘಟಿತ ಧರ್ಮವೇ?

ಎರಡೂ ಹೌದು, ಅದರ ಸೊಗಸೇ ಅದು. ಎಡಗೈ ಅಂಗೈಯಲ್ಲಿ ಲಿಂಗ, ಹಣೆಗೆ ವಿಭೂತಿ, ದೃಷ್ಟಿ ಲಿಂಗದ ಮೇಲೆ. ಪೂಜಾರಿಯಿಲ್ಲ, ಗರ್ಭಗುಡಿಯಿಲ್ಲ, ಸರತಿ ಸಾಲಿಲ್ಲ. ರೈಲಿನಲ್ಲಿ ಕೂತೂ ಮಾಡಬಹುದು. ಆದರೆ ಆ ಲಿಂಗ ನಿಮ್ಮ ಕೈಗೆ ಬರುವುದು ದೀಕ್ಷೆಯ ಮೂಲಕ, ಗುರುವಿನಿಂದ. ಪೂಜೆ ಖಾಸಗಿ, ಪ್ರವೇಶ ಸಾಮೂಹಿಕ.

ಮಧ್ಯದಲ್ಲಿ ಯಾರೂ ಇಲ್ಲದ ಅಧ್ಯಾತ್ಮದಲ್ಲಿ ಅಪಾಯವೇನು? ಯಾರಿಗೂ ತೊಂದರೆ ಇಲ್ಲವಲ್ಲ?

ತೊಂದರೆ ನಿಮಗೇ. ನಿಮ್ಮ ತಪ್ಪನ್ನು ಹೇಳುವವರು ಯಾರೂ ಇರುವುದಿಲ್ಲ.

ಒಬ್ಬರೇ ಇದ್ದಾಗ ನಮಗೆ ಒಗ್ಗುವುದನ್ನಷ್ಟೇ ಆರಿಸಿಕೊಳ್ಳುತ್ತೇವೆ. ಝೆನ್‌ನಿಂದ ಒಂದು, ಉಪನಿಷತ್ತಿನಿಂದ ಒಂದು, ಸೂಫಿಗಳಿಂದ ಒಂದು. ಇವುಗಳಲ್ಲಿ ಯಾವುದೂ ‘ನೀನು ನಿನ್ನ ತಮ್ಮನ ಪಾಲು ನುಂಗಿದ್ದೀಯ, ಹಿಂದಕ್ಕೆ ಕೊಡು’ ಎಂದು ನಮ್ಮನ್ನು ಕೇಳದಂತೆ ಜಾಣತನದಿಂದ ಆರಿಸುತ್ತೇವೆ. ಕೂತು ಕಣ್ಣು ಮುಚ್ಚಿದಾಗ ಸಿಕ್ಕ ಶಾಂತಿ ನಿಜವಾದ ಶಾಂತಿಯೋ, ತೂಕಡಿಕೆಯೋ, ಹೆಂಡತಿಯ ಮಾತು ಕೇಳಿಸದಂತೆ ಮಾಡಿಕೊಂಡ ಏರ್ಪಾಡೋ? ಪಕ್ಕದಲ್ಲಿ ಕೂತವರು ಹೇಳಬೇಕು.

ಇದಕ್ಕೆ ನನಗೆ ತಿಳಿದ ದೊಡ್ಡ ಉದಾಹರಣೆ ಅಕ್ಕಮಹಾದೇವಿ. ಗಂಡ, ಮನೆ, ಬಟ್ಟೆ ಎಲ್ಲವನ್ನೂ ಬಿಟ್ಟು ನಡೆದವಳು. ಸ್ವತಂತ್ರವಾಗಿ ನಡೆದವರಲ್ಲಿ ಅವಳಷ್ಟು ದೂರ ಹೋದವರು ನಮ್ಮಲ್ಲಿ ಯಾರಿದ್ದಾರೆ? ಶೂನ್ಯಸಂಪಾದನೆ ಹೇಳುವ ಪ್ರಕಾರ, ಅವಳು ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನಿಸುತ್ತಾನೆ. ನಿನ್ನ ಗಂಡ ಯಾರು? ಎಲ್ಲ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ? ಇಂದಿನ ಕಿವಿಗೆ ಆ ಪ್ರಶ್ನೆಗಳು ಒರಟು, ಕೆಲವು ಸಹಿಸಲಾಗದಂಥವು. ಅಕ್ಕ ಎದ್ದು ಹೋಗುವುದಿಲ್ಲ, ಉತ್ತರ ಕೊಡುತ್ತಾಳೆ. ಉತ್ತರ ಕೊಡುತ್ತಾ ಕೊಡುತ್ತಾ ಅವಳ ಮಾತೇ ತಿಳಿಯಾಗುತ್ತದೆ, ಅಲ್ಲಮನೂ ಕೊನೆಗೆ ತಲೆಬಾಗುತ್ತಾನೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತ ಗುಡಿ ಎಬ್ಬಿಸುತ್ತ ಹೆಸರು ಮಾಡಿದ್ದ ಸಿದ್ಧರಾಮನಿಗೂ ಅದೇ ಪಾಡು. ಒಳ್ಳೆಯ ಕೆಲಸದೊಳಗೆ ಕೂತಿದ್ದ ‘ನಾನು’ ಎಂಬುದನ್ನು ಅಲ್ಲಮ ಕೆದಕಿ ತೋರಿಸುತ್ತಾನೆ.

ಆ ಮಾತುಕತೆಗಳು ಅಕ್ಷರಶಃ ಹಾಗೆಯೇ ನಡೆದವೆಂದು ಇತಿಹಾಸಕಾರರು ಹೇಳಲಾರರು. ಆದರೆ ಅವನ್ನು ಬರೆದಿಟ್ಟವರಿಗೆ ಒಂದು ವಿಷಯ ಗೊತ್ತಿತ್ತು. ಅನುಭಾವಿಯೂ ಪರೀಕ್ಷೆಗೆ ಕೂರಬೇಕು, ಪರೀಕ್ಷಿಸುವವನು ತಾನೂ ಬಾಗಲು ತಯಾರಿರಬೇಕು. ಇಂಥ ನಾಲ್ಕು ಜನ ನಿಮ್ಮ ಸುತ್ತ ಇದ್ದರೆ ಯಾವ ಮಠವೂ ಬೇಡ. ಇಲ್ಲದಿದ್ದರೆ ಹುಡುಕಿ.

ಇನ್ನೊಂದು ಮಾತು. ಧ್ಯಾನದಿಂದ ಕೆಲವರಿಗೆ ಆತಂಕ, ನಿದ್ರೆಗೇಡು ಹೆಚ್ಚುವುದೂ ಉಂಟು. ಹಾಗಾದರೆ ‘ಕರ್ಮ ಕಳೆಯುತ್ತಿದೆ’ ಎಂದು ಸುಮ್ಮನಿರಬೇಡಿ, ಮನೋವೈದ್ಯರನ್ನು ಕಾಣಿ.

ಗುರು ಬೇಕೇ ಬೇಕೇ?

1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್‌ನಲ್ಲಿ ಜಿಡ್ಡು ಕೃಷ್ಣಮೂರ್ತಿ ತಮ್ಮನ್ನು ಜಗದ್ಗುರು ಮಾಡಲೆಂದೇ ಕಟ್ಟಿದ್ದ ಸಂಸ್ಥೆಯನ್ನು ತಾವೇ ಮುಚ್ಚಿದರು. ಸತ್ಯಕ್ಕೆ ಗೊತ್ತುಪಡಿಸಿದ ದಾರಿಯಿಲ್ಲ, ಅದನ್ನು ಸಂಘಟಿಸಲಾಗದು ಎಂದರು. ಬೇಡವೆನ್ನುವವರೆಲ್ಲ ಎತ್ತಿ ತೋರಿಸುವ ದಿನ ಅದು. ಅವರು ಆಮೇಲೆ ಐವತ್ತಕ್ಕೂ ಹೆಚ್ಚು ವರ್ಷ ಊರೂರು ತಿರುಗಿ ಮಾತಾಡಿದರು. ಅವರ ಹೆಸರಿನ ಪ್ರತಿಷ್ಠಾನಗಳೂ ಶಾಲೆಗಳೂ ಆದವು. ಬೆಂಗಳೂರಿನ ವ್ಯಾಲಿ ಸ್ಕೂಲ್ ಅಂಥದ್ದೊಂದು. ಆ ಪ್ರತಿಷ್ಠಾನಗಳಿಲ್ಲದಿದ್ದರೆ ಅವರ ಮಾತಿನ ಧ್ವನಿಮುದ್ರಣ ನಿಮಗೆ ಸಿಗುತ್ತಿರಲಿಲ್ಲ. ಇದನ್ನು ನಾನು ಆಷಾಢಭೂತಿತನ ಎನ್ನುವುದಿಲ್ಲ. ಮಾತು ಉಳಿಯಬೇಕಾದರೆ ಯಾರೋ ಪೆಟ್ಟಿಗೆ ಮಾಡಿಸಲೇಬೇಕು.

ನನ್ನ ಮನಸ್ಸು ಮಾತ್ರ ಶಿಶುವಿನಹಾಳದ ಕಡೆಗೆ ಹೋಗುತ್ತದೆ. ಶರೀಫರು (1819–1889) ಮುಸ್ಲಿಂ ಮನೆತನದವರು, ಗುರು ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಎರಡೂ ಕಡೆಯವರು ಗೊಣಗಿದರು, ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿ ಗುರು ಇದ್ದ, ಸಂಸ್ಥೆ ಇರಲಿಲ್ಲ. ಗುರುವಿನ ಜಾತಿ ಶಿಷ್ಯನಿಗೆ, ಶಿಷ್ಯನ ಧರ್ಮ ಗುರುವಿಗೆ ಅಡ್ಡ ಬರಲಿಲ್ಲ. ಗುರು ಬೇಕೇ ಎಂದರೆ, ಇಂಥವರು ಸಿಕ್ಕರೆ ಬೇಕು ಎನ್ನುತ್ತೇನೆ. ಸಿಗದಿದ್ದರೆ ಕಾಯುವುದು ಒಳ್ಳೆಯದು. ಅವಸರದಲ್ಲಿ ಹಿಡಿದ ಗುರುವನ್ನು ಬಿಡಿಸಿಕೊಳ್ಳುವುದು ಬಲು ಕಷ್ಟ.

ಗುರು ಸರಿಯಿಲ್ಲವೆಂದು ಗೊತ್ತಾಗುವುದು ಹೇಗೆ? ಮನೆಯವರೊಂದಿಗೆ ಮಾತು ಬಿಡಿಸಿದರೆ, ಆಸ್ತಿಪತ್ರದ ಮೇಲೆ ಕಣ್ಣಿಟ್ಟರೆ, ಒಂಟಿಯಾಗಿ ಬಾ ಎಂದರೆ, ಔಷಧಿ ನಿಲ್ಲಿಸು ಎಂದರೆ ಎದ್ದು ಬನ್ನಿ. ಚಪ್ಪಲಿ ಅಲ್ಲೇ ಉಳಿದರೂ ಪರವಾಗಿಲ್ಲ.

ಧ್ಯಾನ ಶಿಬಿರಕ್ಕೆ ಹೋಗುತ್ತೇನೆ, ಅದು ಧರ್ಮವಲ್ಲವಲ್ಲ?

ಧರ್ಮದ ಹೆಸರಿಲ್ಲದಿರಬಹುದು, ಸಂಘಟನೆಯಂತೂ ಹೌದು. ವಿಪಶ್ಯನಕ್ಕೆ ಹೋದವರನ್ನು ಕೇಳಿ. ಎಸ್. ಎನ್. ಗೋಯೆಂಕಾ 1969ರಲ್ಲಿ ಬರ್ಮಾದಿಂದ ಭಾರತಕ್ಕೆ ತಂದ ಹತ್ತು ದಿನಗಳ ಶಿಬಿರದಲ್ಲಿ ಬೆಳಗಿನ ನಾಲ್ಕಕ್ಕೆ ಗಂಟೆ ಬಾರಿಸುತ್ತದೆ. ಮಾತಿಲ್ಲ, ಮೊಬೈಲಿಲ್ಲ, ಪುಸ್ತಕವಿಲ್ಲ. ನಿಮ್ಮ ಜಪ, ಪೂಜೆಗಳನ್ನೂ ಅಷ್ಟು ದಿನ ಬದಿಗಿಡಬೇಕು. ಶುಲ್ಕವಿಲ್ಲ. ಹಿಂದೆ ಶಿಬಿರ ಮುಗಿಸಿದವರು ಕೊಟ್ಟ ದಾನದಲ್ಲಿ ಇಂದಿನವರ ಊಟ ನಡೆಯುತ್ತದೆ, ಹಳಬರೇ ಬಂದು ಅಡುಗೆ ಮಾಡುತ್ತಾರೆ. ದಾಸೋಹದ ಲೆಕ್ಕಾಚಾರವೇ ಅಲ್ಲವೇ ಇದು? ಶಿಸ್ತಿನಲ್ಲಂತೂ ನಮ್ಮ ಎಷ್ಟೋ ಮಠಗಳಿಗಿಂತ ಬಿಗಿ.

ಬೆಂಗಳೂರಿನಲ್ಲಿ 1981ರಲ್ಲಿ ಶುರುವಾದ ಆರ್ಟ್ ಆಫ್ ಲಿವಿಂಗ್ ಇರಲಿ, ಬೇರೆ ಯೋಗ ಕೇಂದ್ರಗಳಿರಲಿ, ಎಲ್ಲಕ್ಕೂ ಸ್ಥಾಪಕರು, ತರಬೇತಾದ ಶಿಕ್ಷಕರು, ಆಶ್ರಮ, ಕಾರ್ಯಕರ್ತರು ಇದ್ದಾರೆ. ಹೋಗಬೇಡಿ ಎಂದು ಹೇಳುತ್ತಿಲ್ಲ. ಹೋಗುವಾಗ ‘ನಾನು ಸಂಸ್ಥೆಗಳಿಂದಾಚೆ’ ಎಂಬ ಬಿಗುಮಾನವನ್ನು ಮನೆಯಲ್ಲಿ ಬಿಟ್ಟು ಹೋಗಿ. ಮಠಕ್ಕೆ ಕೇಳುವ ಪ್ರಶ್ನೆಗಳನ್ನೇ ಅಲ್ಲೂ ಕೇಳಿ: ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಎದುರು ಮಾತಾಡಿದವರಿಗೆ ಏನಾಗುತ್ತದೆ.

ಕುವೆಂಪು ಎಲ್ಲವನ್ನೂ ಬಿಟ್ಟು ಬನ್ನಿ ಎಂದರು. ಅವರು ಯಾವ ಕಡೆ?

ಗುಡಿ, ಚರ್ಚು, ಮಸೀದಿಗಳಿಂದ ಹೊರಗೆ ಬನ್ನಿ ಎಂದು ಕರೆದ ಕವಿ ಯುವಕರಾಗಿದ್ದಾಗ ಹಲವು ವರ್ಷ ಇದ್ದದ್ದು ಮೈಸೂರಿನ ರಾಮಕೃಷ್ಣ ಆಶ್ರಮದಲ್ಲಿ. ದೀಕ್ಷೆ ಪಡೆದವರು, ಪರಮಹಂಸರ ಮತ್ತು ವಿವೇಕಾನಂದರ ಜೀವನಚರಿತ್ರೆ ಬರೆದವರು. ಅವರಿಗೆ ಅಸಹ್ಯವಾಗಿದ್ದದ್ದು ಪುರೋಹಿತಶಾಹಿ ಮತ್ತು ಜಾತಿ. ಸಾಧಕರ ಸಂಗವನ್ನು ಅವರು ಬೇಡವೆಂದಿಲ್ಲ. ಅವರನ್ನು ಬರೀ ನಾಸ್ತಿಕರ ಪಾಳಯಕ್ಕೆ ಸೇರಿಸುವವರೂ ಬರೀ ಆಶ್ರಮದ ಭಕ್ತರನ್ನಾಗಿ ಮಾಡುವವರೂ ಅರ್ಧ ಕುವೆಂಪುವನ್ನಷ್ಟೇ ಓದಿದ್ದಾರೆ.

ಹುಟ್ಟಿದ ಧರ್ಮ ಬಿಟ್ಟಮೇಲೆ ಅಂಬೇಡ್ಕರ್ ಯಾವ ಧರ್ಮವೂ ಬೇಡ ಎನ್ನಬಹುದಿತ್ತು. ಇನ್ನೊಂದಕ್ಕೆ ಏಕೆ ಸೇರಿದರು?

ಈ ಚರ್ಚೆಯಲ್ಲಿ ಮೇಲ್ಜಾತಿಯ ನಮ್ಮಂಥವರು ಕಾಣದೆ ದಾಟಿಹೋಗುವ ಸಂಗತಿ ಇಲ್ಲೇ ಇದೆ.

ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯಲಾರೆ ಎಂದು ಅಂಬೇಡ್ಕರ್ ಯೇವಲೆಯಲ್ಲಿ ಘೋಷಿಸಿದ್ದು 1935ರ ಅಕ್ಟೋಬರಿನಲ್ಲಿ. ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಅಷ್ಟು ಓದಿದ, ಅಷ್ಟು ತರ್ಕದ ಮನುಷ್ಯ ‘ನನ್ನ ದೇವರು ನನ್ನೊಳಗೆ’ ಎಂದು ಗ್ರಂಥಾಲಯದಲ್ಲೇ ಕೂರಬಹುದಿತ್ತು. ಅವರಿಗೊಬ್ಬರಿಗೆ ಅದು ಸಾಕಾಗುತ್ತಿತ್ತೇನೋ, ಅವರ ಜನಕ್ಕೆ ಸಾಕಾಗುತ್ತಿರಲಿಲ್ಲ. ಕೆರೆಯ ನೀರು ಮುಟ್ಟಲು ಬಿಡದ ಊರಿನಲ್ಲಿ ಒಂಟಿ ಅಧ್ಯಾತ್ಮ ಯಾರನ್ನೂ ಕಾಯುವುದಿಲ್ಲ. ಸಮಾನತೆ ಒಪ್ಪಿದ, ಲಕ್ಷಾಂತರ ಜನ ಒಟ್ಟಿಗೆ ನಿಂತು ‘ನಾವು’ ಎನ್ನಬಹುದಾದ ಒಂದು ಮನೆ ಬೇಕಿತ್ತು. ಅದಕ್ಕೇ ಅಂದು ಅವರು ಒಬ್ಬರೇ ದೀಕ್ಷೆ ತೆಗೆದುಕೊಳ್ಳದೆ ಲಕ್ಷಗಟ್ಟಲೆ ಜನರೊಂದಿಗೆ ತೆಗೆದುಕೊಂಡರು, 22 ಪ್ರತಿಜ್ಞೆಗಳನ್ನು ಬಹಿರಂಗವಾಗಿ ಹೇಳಿಸಿದರು.

‘ನನಗೆ ಧರ್ಮವೇ ಬೇಕಿಲ್ಲ’ ಎಂಬ ಮಾತು ಯಾರ ಬಾಯಲ್ಲಿ ಸಲೀಸಾಗಿ ಬರುತ್ತದೆಂದು ಗಮನಿಸಿ. ಬೆನ್ನಿಗೆ ಮನೆತನ, ಜಮೀನು, ನೌಕರಿ, ನೆಂಟರಿಷ್ಟರು ಇರುವವರ ಬಾಯಲ್ಲಿ. ಬಿಡಲು ನಮ್ಮ ಬಳಿ ಏನೋ ಇದೆ.

ಹಾಗಂತ ಜಾತಿಗೊಂದು ಮಠ ಇರುವುದನ್ನೂ ಒಪ್ಪಬೇಕೇ?

ಒಪ್ಪಬೇಕಿಲ್ಲ, ಹೇಗೆ ಬಂತೆಂದು ತಿಳಿಯಬೇಕು. ಉಡುಪಿಯಲ್ಲಿ ಕನಕದಾಸರು ಹೊರಗೆ ನಿಂತ ಕತೆ ಎಲ್ಲರಿಗೂ ಗೊತ್ತು. ಕೃಷ್ಣ ಪಶ್ಚಿಮಕ್ಕೆ ತಿರುಗಿದ, ಗೋಡೆ ಬಿರಿದು ಕಿಂಡಿಯಾಯಿತು ಎಂದು ಹಾಡಿ ಹೊಗಳುತ್ತೇವೆ. ಕಿಂಡಿಯನ್ನು ಪೂಜಿಸಿದೆವು, ಬಾಗಿಲಿನ ಮಾತು ತಡವಾಗಿ ಬಂತು. ಹೊರಗಿಟ್ಟವರು ಕಾದು ಕಾದು ತಮ್ಮ ತಮ್ಮ ಪೀಠ ಕಟ್ಟಿಕೊಂಡರು. ಕಾಗಿನೆಲೆಯಲ್ಲಿ ಕನಕ ಗುರುಪೀಠ ಆದದ್ದು ಹೀಗೆ. ಹಾಸ್ಟೆಲು, ಶಾಲೆ, ರಾಜಕೀಯದ ದನಿ, ಎಲ್ಲವೂ ಮಠದ ಮೂಲಕ ಬರುವ ನಾಡಿನಲ್ಲಿ ಮಠವಿಲ್ಲದ ಜಾತಿಗೆ ಏನೂ ಸಿಗುವುದಿಲ್ಲವೆಂಬ ಲೆಕ್ಕ ಅವರಿಗೂ ಗೊತ್ತಿತ್ತು.

ಇದರ ಬೆಲೆಯೂ ದೊಡ್ಡದು. ಚುನಾವಣೆ ಬಂದಾಗ ಸ್ವಾಮಿಗಳ ಮುಂದೆ ಅಭ್ಯರ್ಥಿಗಳ ಸಾಲು, ಸಂಪುಟ ರಚನೆಯಾದರೆ ‘ನಮ್ಮವರಿಗೆ ಮಂತ್ರಿಗಿರಿ ಕೊಡಿ’ ಎಂದು ಪೀಠದಿಂದಲೇ ಹೇಳಿಕೆ. ಇದು ಸಂಕೋಚ ಹುಟ್ಟಿಸಬೇಕಾದ ಸಂಗತಿ. ಈಗ ಯಾರಿಗೂ ಹುಟ್ಟಿಸುತ್ತಿಲ್ಲ.

ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನದಂಥದ್ದನ್ನು ನಿಲ್ಲಿಸಲು ಕಾನೂನೇ ಬೇಕಾಯಿತು. 2017ರಲ್ಲಿ ಆದ ಆ ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಸಂಸ್ಥೆಗಳು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆಂದು ನಂಬಿ ಕೂತರೆ ಎಷ್ಟು ಕಾಯಬೇಕೆಂಬುದಕ್ಕೆ ಇದೊಂದು ಅಳತೆ.

ಹುಂಡಿ ದುಡ್ಡು ಎಲ್ಲಿಗೆ ಹೋಗುತ್ತದೆ?

ಗುಡಿಗೂ ಮಠಕ್ಕೂ ಲೆಕ್ಕ ಬೇರೆ ಬೇರೆ. ಮುಜರಾಯಿ ಇಲಾಖೆಗೆ ಸೇರಿದ ಸುಮಾರು 34 ಸಾವಿರ ದೇವಸ್ಥಾನಗಳು 1997ರ ಧಾರ್ಮಿಕ ದತ್ತಿ ಕಾಯ್ದೆಯ ಕೆಳಗೆ ಬರುತ್ತವೆ. ವರ್ಷಕ್ಕೆ 25 ಲಕ್ಷಕ್ಕಿಂತ ಹೆಚ್ಚು ಆದಾಯವಿದ್ದರೆ ಎ ದರ್ಜೆ, 5ರಿಂದ 25 ಲಕ್ಷದವರೆಗೆ ಬಿ, ಅದಕ್ಕಿಂತ ಕಡಿಮೆಯಾದರೆ ಸಿ. ಬಹುಪಾಲು ಗುಡಿಗಳು ಸಿ ದರ್ಜೆಯವು. ಅರ್ಚಕರಿಗೆ ತಸ್ತೀಕ್ ಹಣ, ಅಂದರೆ ಪೂಜೆಗೆಂದು ಸರ್ಕಾರ ಕೊಡುವ ವಾರ್ಷಿಕ ಹಣ, ಬಂದರೆ ದೀಪಕ್ಕೆ ಎಣ್ಣೆ. ಮಠಗಳು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಮಠಕ್ಕೆ ಕೊಡುವವರು ಲೆಕ್ಕ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಕೇಳಿದರೆ ಅಪಚಾರವಾಗುವುದಿಲ್ಲ.

ಪುರೋಹಿತರಿಲ್ಲದೆ ಮದುವೆಯಾಗಬಹುದೇ?

ಧಾರಾಳವಾಗಿ. ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದಲ್ಲಿ ಹಲವರು ಆಗಿದ್ದಾರೆ. 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಅವರು ಹಾಗೆಯೇ ಮಾಡಿಸಿದರು. ಆದರೆ ಒಂದು ಎಚ್ಚರ. ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ರೂಢಿಯ ವಿಧಿಗಳನ್ನು ಕೇಳುತ್ತದೆ, ಬರೀ ನೋಂದಣಿ ಸಾಲದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಮತ್ತೆ ಹೇಳಿದೆ. ತಮಿಳುನಾಡು 1967ರಲ್ಲೇ ತಿದ್ದುಪಡಿ ತಂದು ಸ್ವಾಭಿಮಾನ ವಿವಾಹಗಳಿಗೆ ಮಾನ್ಯತೆ ಕೊಟ್ಟುಕೊಂಡಿತು. ನೀವು ಸರಳವಾಗಿ ಆಗುವವರಾದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಮಾಡಿಕೊಳ್ಳುವುದು ಗಟ್ಟಿ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು. ನೋಟಿಸು ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು. ಯಾರೂ ಧರ್ಮ ಬದಲಿಸಬೇಕಿಲ್ಲ.

ಸಾವು ಬಂದಾಗ?

ಇಲ್ಲಿ ಸ್ವತಂತ್ರರು ನಿಜಕ್ಕೂ ತಡವರಿಸುತ್ತಾರೆ.

ಹಳ್ಳಿಯಲ್ಲಿ ಒಂದು ಜೀವ ಹೋದರೆ ಯಾರೂ ಯಾರಿಗೂ ಕೆಲಸ ಹಂಚುವುದಿಲ್ಲ. ಒಬ್ಬ ಬಿದಿರು ಕಡಿಯಲು ಹೋಗಿರುತ್ತಾನೆ, ಇನ್ನೊಬ್ಬ ನೆಂಟರಿಗೆ ಫೋನು ಹಚ್ಚಿರುತ್ತಾನೆ, ಅಜ್ಜಿಯೊಬ್ಬಳು ಹೆಣದ ಹೆಬ್ಬೆರಳುಗಳನ್ನು ಕಟ್ಟಿ ಬಾಯಿ ಮುಚ್ಚಿಸಿರುತ್ತಾಳೆ. ರಾತ್ರಿ ಭಜನೆಯವರು ತಾಳ, ದಮಡಿ ಹಿಡಿದು ಬಂದು ಕೂರುತ್ತಾರೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯಿಂದ ಅನ್ನ ಸಾರು ಬರುತ್ತದೆ. ಮಸೀದಿಯಲ್ಲಿ ಜನಾಜಾ ಹೊರುವ ಮಂಚ ಸದಾ ಸಿದ್ಧವಿರುತ್ತದೆ, ಚರ್ಚಿನಲ್ಲಿ ಗಂಟೆ ಬಾರಿಸುವವರಿರುತ್ತಾರೆ. ಅಳುವವರಿಗೆ ಅಳುವುದೊಂದೇ ಕೆಲಸ ಉಳಿಯುವಂತೆ ಮಾಡುವ ಏರ್ಪಾಡು ಅದು. 2021ರ ಎರಡನೇ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದಾಗ ಮನೆಯವರೇ ಮುಟ್ಟಲು ಹೆದರಿದ ಹೆಣಗಳನ್ನು ಸ್ವಯಂಸೇವಕರು ಹೊತ್ತರು. ಅವರಲ್ಲಿ ಧಾರ್ಮಿಕ ಸಂಘಟನೆಗಳವರು ಬಹಳ ಮಂದಿ ಇದ್ದರು.

ಹಾಗಾದರೆ ನಿಮ್ಮ ಪಾಡಿಗೆ ನೀವು ಇರುವವರು ಏನು ಮಾಡಬೇಕು? ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಮಾಡಿದ್ದನ್ನು ಮಾಡಿ. ಜೇಬಿಲ್ಲದ ಅಂಗಿ ತೊಡುತ್ತಿದ್ದ, ಪದ್ಮಶ್ರೀಯನ್ನು ಬೇಡವೆಂದ ಆ ಹಿರಿಯರು ಬದುಕಿದ್ದಾಗಲೇ ಬರೆದಿಟ್ಟಿದ್ದರು: ದೇಹವನ್ನು ಹೂಳದೆ ಅಗ್ನಿಗೆ ಕೊಡಿ, ಚಿತಾಭಸ್ಮವನ್ನು ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ. ಹೂಳುವುದೇ ರೂಢಿಯಾದ ಪರಂಪರೆಯಿಂದ ಬಂದವರ ಮಾತಿದು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಲಕ್ಷಾಂತರ ಜನ ಸೇರಿದರು, ಅವರು ಬರೆದಂತೆಯೇ ಅಗ್ನಿಗೆ ಕೊಟ್ಟರು. ಆಶ್ರಮವಿದ್ದದ್ದರಿಂದ ಅವರ ಮಾತು ನಡೆಯಿತು, ಅವರು ಆಶ್ರಮಕ್ಕಿಂತ ದೊಡ್ಡವರಾಗಿದ್ದರಿಂದ ಸಮಾಧಿ ಏಳಲಿಲ್ಲ.

ನೀವೂ ಒಂದು ಹಾಳೆಯಲ್ಲಿ ಬರೆದು ಮನೆಯವರಿಗೆ ತೋರಿಸಿಡಿ. ವಿದ್ಯುತ್ ಚಿತಾಗಾರವೋ, ಮಣ್ಣೋ, ವಿಧಿ ಬೇಕೋ ಬೇಡವೋ ತಿಳಿಸಿ. ದೇಹದಾನದ ಮನಸ್ಸಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಅರ್ಜಿ ತುಂಬಿ. ನೀವು ಸಹಿ ಹಾಕಿದರಷ್ಟೇ ಸಾಲದು, ಆ ಹೊತ್ತಿಗೆ ಮನೆಯವರು ಒಪ್ಪಬೇಕು. ಕಾಯಿಲೆ ಯಾವುದೆಂಬುದರ ಮೇಲೆ ಕಾಲೇಜಿನವರು ತೆಗೆದುಕೊಳ್ಳದೆಯೂ ಇರಬಹುದು, ಎರಡನೇ ವ್ಯವಸ್ಥೆಯನ್ನೂ ಬರೆದಿಡಿ. ಹೆಗಲು ಕೊಡುವ ನಾಲ್ವರು ಯಾರೆಂದು ಮಾತ್ರ ಈಗಲೇ ಯೋಚಿಸಿ. ಅವರ ಮನೆಯ ಸಾವಿಗೆ ನೀವು ಹೋಗಿದ್ದಿರಾ?

ಅರ್ಜಿಗಳಲ್ಲಿ, ಜನಗಣತಿಯಲ್ಲಿ ಧರ್ಮದ ಕಾಲಂ ಖಾಲಿ ಬಿಡಬಹುದೇ?

ಜನಗಣತಿಯಲ್ಲಿ ನೀವು ಹೇಳಿದ್ದನ್ನೇ ಬರೆದುಕೊಳ್ಳಬೇಕು. 2011ರಲ್ಲಿ ದೇಶದಲ್ಲಿ ಸುಮಾರು 28.7 ಲಕ್ಷ ಜನ, ಅಂದರೆ ಶೇ. 0.24ರಷ್ಟು ಮಂದಿ, ಧರ್ಮ ತಿಳಿಸದವರ ಪಟ್ಟಿಯಲ್ಲಿದ್ದರು. ಅವರೆಲ್ಲ ಸ್ವತಂತ್ರ ಸಾಧಕರೆಂದು ತಿಳಿಯಬೇಡಿ. ಸಂವಿಧಾನದ 25ನೇ ವಿಧಿ ಕೊಡುವ ಆತ್ಮಸಾಕ್ಷಿಯ ಸ್ವಾತಂತ್ರ್ಯ ಯಾವ ಧರ್ಮವನ್ನೂ ಒಪ್ಪದವರಿಗೂ ಇದೆ.

ಪರಿಶಿಷ್ಟ ಜಾತಿಯವರು ಮಾತ್ರ ಮುಂಚೆ ವಕೀಲರನ್ನು ಕೇಳಿ. 1950ರ ಆದೇಶದ ಪ್ರಕಾರ ಆ ಮಾನ್ಯತೆ ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತ, ಮುಸ್ಲಿಂ ಧರ್ಮಗಳಿಗೆ ಹೋದವರಿಗೆ ಇಲ್ಲ. ನಿಮ್ಮ ಒಳಗಿನ ನಂಬಿಕೆ ಏನೇ ಇರಲಿ, ಆ ಕಾಲಂ ನಿಮ್ಮ ಮಕ್ಕಳ ಓದಿಗೆ ತಳುಕು ಹಾಕಿಕೊಂಡಿರುತ್ತದೆ.

ಮಕ್ಕಳಿಗೆ ಏನು ಹೇಳಿಕೊಡಲಿ?

ಕತೆ, ಹಾಡು, ವಚನ, ಕೀರ್ತನೆ ಹೇಳಿಕೊಡಿ. ಬಾಯಿಪಾಠ ಮಾಡಿಸಿ, ಅರ್ಥ ಆಮೇಲೆ ತಾನೇ ಬರುತ್ತದೆ. ಜಾತ್ರೆಗೂ ಉರುಸಿಗೂ ಕ್ರಿಸ್‌ಮಸ್ಸಿಗೂ ಕರೆದುಕೊಂಡು ಹೋಗಿ. ‘ದೊಡ್ಡವನಾದಮೇಲೆ ಅವನೇ ಆರಿಸಿಕೊಳ್ಳಲಿ’ ಎಂದು ಏನನ್ನೂ ಕೊಡದೆ ಬೆಳೆಸಿದರೆ ಆರಿಸಿಕೊಳ್ಳಲು ಅವನ ಮುಂದೆ ಏನೂ ಇರುವುದಿಲ್ಲ. ಮೊದಲು ಸಿಕ್ಕ ಅರಚುವವನ ಹಿಂದೆ ಹೋಗುತ್ತಾನೆ. ದೇವರಿದ್ದಾನಾ ಎಂದು ಕೇಳಿದರೆ ನಿಮಗೆ ಅನಿಸಿದ್ದನ್ನೇ ಹೇಳಿ. ಹೆದರಿಸಲು ಮಾತ್ರ ದೇವರನ್ನು ಕರೆಯಬೇಡಿ.

ನಾನು ಪೂಜೆ ಬಿಟ್ಟಿದ್ದಕ್ಕೆ ಅಮ್ಮ ನೊಂದುಕೊಂಡಿದ್ದಾರೆ.

ಹಬ್ಬದ ದಿನ ವಾದಕ್ಕಿಳಿಯಬೇಡಿ. ಮಾವಿನ ತೋರಣ ಕಟ್ಟಿ, ಹೂ ತಂದುಕೊಡಿ, ಆರತಿ ಹೊತ್ತಿಗೆ ಪಕ್ಕದಲ್ಲಿ ನಿಂತುಕೊಳ್ಳಿ. ನಂಬದ ಮಂತ್ರ ಹೇಳಬೇಕಿಲ್ಲ. ಅಮ್ಮನಿಗೆ ನಿಮ್ಮ ತತ್ತ್ವಜ್ಞಾನದ ಚಿಂತೆ ಅಷ್ಟಾಗಿ ಇರುವುದಿಲ್ಲ. ಮಗ ದೂರವಾದನೇ ಎಂಬ ಭಯ ಇರುತ್ತದೆ.

ಊರಲ್ಲಿದ್ದಾಗ ಗುಡಿಯ ಮುಖ ನೋಡದವರು ಅಮೆರಿಕಕ್ಕೆ ಹೋದಮೇಲೆ ಇಷ್ಟು ಭಕ್ತರಾಗುವುದು ಹೇಗೆ?

ಅಲ್ಲಿ ಗುಡಿ ಅಂದರೆ ಊರು. ಮಕ್ಕಳಿಗೆ ಕನ್ನಡ ಕಿವಿಗೆ ಬೀಳುವುದು, ಪುಳಿಯೋಗರೆ ಸಿಗುವುದು, ಯಾರದೋ ಮನೆಯಲ್ಲಿ ಬಾಣಂತನಕ್ಕೆ ಜನ ಒದಗುವುದು ಎಲ್ಲ ಅಲ್ಲಿಯೇ. ಇಲ್ಲಿ ಓಣಿ, ನೆಂಟರು, ಸಂತೆ ಹಂಚಿಕೊಂಡು ಮಾಡುವ ಕೆಲಸವನ್ನೆಲ್ಲ ಅಲ್ಲಿ ದೇವಸ್ಥಾನ ಒಂದೇ ಮಾಡುತ್ತದೆ. ಭಕ್ತಿ ಹೆಚ್ಚಿತೋ ಒಂಟಿತನ ಹೆಚ್ಚಿತೋ ಎಂದು ಕೆದಕಿ ನೋಯಿಸುವ ಅಗತ್ಯ ನನಗೆ ಕಾಣುವುದಿಲ್ಲ.

ನನಗೆ ಯಾವುದರಲ್ಲೂ ನಂಬಿಕೆಯಿಲ್ಲ. ಆದರೂ ಮಠದ ದಾಸೋಹದಲ್ಲಿ ಊಟ ಮಾಡಬಹುದೇ?

ಮಾಡಬಹುದು. ನಿಮ್ಮ ನಂಬಿಕೆ ಏನೆಂದು ಬಡಿಸುವವರು ಕೇಳುವುದಿಲ್ಲ, ನೀವಾಗಿ ಹೇಳಲೂ ಹೋಗಬೇಡಿ. ಬೇಕಾದಷ್ಟೇ ಹಾಕಿಸಿಕೊಳ್ಳಿ, ಚೆಲ್ಲಬೇಡಿ, ತಟ್ಟೆ ತೊಳೆದಿಡಿ. ಮುಂದಿನ ಪಂಕ್ತಿಗೆ ಬಡಿಸಲು ಆಳು ಸಾಲದಂತೆ ಕಂಡರೆ ಸಾರಿನ ಬಕೆಟ್ಟು ಹಿಡಿಯಿರಿ.